ಹಳದಿ ಹಕ್ಕಿಯ ಐದು ಮರಿಗಳು

ಡ್ರಾಯಿಂಗ್ ಮೇಷ್ಟ್ರು ತಮ್ಮ ಹಕ್ಕಿಗಳನ್ನು ನಮಗೆ ಕೊಟ್ಟದ್ದು ಅವರ ಕೆಮ್ಮಿನ ದೆಸೆಯಿಂದ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಹೆಂಡತಿ ಇದ್ದಾಗಲೇ ಮಹಡಿಯ ಮೇಲೆ ಜಾಲರಿ ಕಟ್ಟಿಸಿ ಲವ್ ಬರ್ಡ್ಸ್ ಸಾಕಿಕೊಂಡಿದ್ದರು. ಆಕೆ ತೀರಿಕೊಂಡ ಮೇಲೆ ಮನೆಯಲ್ಲಿ ಹಕ್ಕಿಗಳದೇ ಜೊತೆ. ಒಂದು ವರ್ಷದಿಂದ ಒಣಕೆಮ್ಮು ಹತ್ತಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಏನೇನೋ ಔಷಧಿ ಆದ ಮೇಲೆ ಹಾಸನದ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಮನೆಯಲ್ಲಿ ಹಕ್ಕಿ ಇವೆಯೇ ಎಂದು ಕೇಳಿದರಂತೆ. ರೆಕ್ಕೆಯ ಧೂಳು ಶ್ವಾಸಕೋಶಕ್ಕೆ ಒಗ್ಗುತ್ತಿಲ್ಲ, ಹಕ್ಕಿಗಳ ಹತ್ತಿರ ಇನ್ನು ಹೋಗಲೇಬಾರದು ಎಂದರಂತೆ.

ನನ್ನ ಗಂಡ ಅರಸೀಕೆರೆಯಿಂದ ಬೇಲೂರಿಗೆ ಬಸ್ ಓಡಿಸುತ್ತಾರೆ. ಮೇಷ್ಟ್ರು ಅವರ ಹಳೇ ಪ್ರಯಾಣಿಕರು. ಮುಂದಿನ ಸೀಟಿನಲ್ಲಿ ಕುಳಿತು ಜಾವಗಲ್ ದಾಟುವವರೆಗೂ ಹಕ್ಕಿ ವಿಷಯವನ್ನೇ ಮಾತಾಡುವವರು. ಒಂದು ದಿನ ಅವರು ಮಾತಿಲ್ಲದೆ ಕುಳಿತಿದ್ದನ್ನು ನೋಡಿ ಇವರೇ ಕೇಳಿದ್ದಾರೆ. ಸಂಜೆ ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಹತ್ತು ಹಕ್ಕಿ ಅಂತೆ. ಅಂಗಡಿಗೆ ಕೊಡೋಕೆ ಮನಸ್ಸಿಲ್ವಂತೆ. ನಿಮ್ಮ ಮನೆಯವರು ಸಿಸ್ಟರ್ ಅಲ್ವಾ, ಅವರ ಕೈಗಾದ್ರೆ ಕೊಡ್ತೀನಿ ಅಂದ್ರು."

ನಾನು ಬೇಲೂರಿನ ಆಸ್ಪತ್ರೆಯೊಂದರಲ್ಲಿ ಎಳೆಗೂಸುಗಳ ವಾರ್ಡಿನ ನರ್ಸು. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಒಂದು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ತೊಟ್ಟು ತೊಟ್ಟಾಗಿ ಹಾಲು ಹಾಕಿದ ಕೈ ಇದು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು, ಅತ್ತೆ. ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಮನೆ, ಹಿಂದೆ ಒಂದಷ್ಟು ತೆಂಗು, ಎರಡು ಹಸು. ಸಿಸ್ಟರ್ ಕೈಗಾದರೆ ಕೊಡುತ್ತೇನೆ ಎಂದ ಮಾತು ನನಗೆ ಒಳಗೊಳಗೇ ಹಿಗ್ಗು ತಂದಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಮರುದಿನವೇ ಹೂಂ ಅಂದೆ.

ಅತ್ತೆಗೆ ಮಾತ್ರ ಸರಿಬರಲಿಲ್ಲ. ದೀಪಾವಳಿ ಕಳೆದ ಮೇಲೆ ಗೂಡ್ಸ್ ಆಟೋದಲ್ಲಿ ಆಳೆತ್ತರದ ಜಾಲರಿ ಗೂಡು ಬಂದಾಗ ಅವರು ಹಿತ್ತಿಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಆಕಾಸದಾಗೆ ಹಾರೋ ಜೀವನ ತಂದು ಕೂಡಾಕ್ತೀರಲ್ಲ, ಯಾಕವ್ವ ಈ ಪಾಪ?"

"ಇವು ಗೂಡಲ್ಲೇ ಹುಟ್ಟಿದವು ಅತ್ತೆ. ಹೊರಗೆ ಬಿಟ್ಟರೆ ಒಂದು ದಿನಾನೂ ಬದುಕಲ್ಲ. ಕಾಗೆ ಹಿಡಿದುಬಿಡುತ್ತೆ."

"ಬೆಕ್ಕು ಬಂದ್ರೆ ನಾನು ನೋಡಾಕಿಲ್ಲ," ಎಂದು ಒಳಗೆ ಹೋದರು. ಆದರೆ ಮಾರನೆಯ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಗೂಡಿನ ಎದುರು ಅವರ ಮಣೆ ಬಂದು ಕೂತಿತ್ತು.

ಮೇಷ್ಟ್ರು ಹಕ್ಕಿಗಳ ಜೊತೆ ಬರಲಿಲ್ಲ. ಬರುವ ಹಾಗಿರಲಿಲ್ಲ. ಅವರು ಬಂದದ್ದು ಫೋನಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಕಾಯುವಾಗಲೋ, ಸಂಜೆ ಮನೆ ತಲುಪಿದ ಮೇಲೋ ನಾನು ಕಂಡದ್ದನ್ನು ಹೇಳುತ್ತಿದ್ದೆ, ಅವರು ಅದರ ಅರ್ಥ ಹೇಳುತ್ತಿದ್ದರು. ಕೊಕ್ಕಿನ ಬುಡ ನೀಲಿಯಾಗಿದ್ದರೆ ಗಂಡು, ಕಂದುಬಣ್ಣವಾಗಿದ್ದರೆ ಹೆಣ್ಣು ಎಂಬಲ್ಲಿಂದ ಪಾಠ ಶುರುವಾಯಿತು. ನವಣೆ, ಸಜ್ಜೆ ಎಷ್ಟು, ಕೊತ್ತಂಬರಿ ಸೊಪ್ಪನ್ನು ತೊಳೆದು ಕೊಡಬೇಕೇ ಬೇಡವೇ, ನೀರಿನ ಬಟ್ಟಲು ಎಲ್ಲಿಡಬೇಕು, ಎಲ್ಲವನ್ನೂ ಕೇಳಿ ಔಷಧಿ ಚೀಟಿಯಂತೆ ಬರೆದು ಗೋಡೆಗೆ ಅಂಟಿಸಿದೆ. ಮರಿ ಮಾಡುವ ಮಡಕೆಗಳ ವಿಷಯದಲ್ಲಿ ಮಾತ್ರ ಅವರು ಎರಡೆರಡು ಸಲ ಹೇಳಿದ್ದರು.

"ಐದು ಜೋಡಿಗೆ ಎಂಟು ಕುಡಿಕೆ ಕಟ್ಟಿ. ಹೆಚ್ಚಿದ್ದಷ್ಟೂ ಜಗಳ ಕಡಿಮೆ. ಇನ್ನೊಂದು, ಎಲ್ಲಾ ಒಂದೇ ಎತ್ತರದಲ್ಲಿರಬೇಕು. ಮೇಲೊಂದು ಕೆಳಗೊಂದು ಇದ್ರೆ ಹೆಣ್ಣುಗಳೆಲ್ಲ ಮೇಲಿನದಕ್ಕೇ ಬೀಳ್ತವೆ. ತಿಳೀತೇನಮ್ಮ?"

ತಿಳಿಯಿತು ಅಂದೆ. ನನ್ನವರು ಪಕ್ಕದಲ್ಲಿ ತೂತಿರುವ ಎಂಟು ಮಣ್ಣಿನ ಕುಡಿಕೆ ತಂದರು. ಅಡ್ಡಗೋಲಿನಲ್ಲಿ ಏಳಕ್ಕೆ ಜಾಗವಾಯಿತು. ಎಂಟನೆಯದನ್ನು ಮಾಡಿನ ಕೊಂಡಿಗೆ ಒಂದು ಗೇಣು ಮೇಲೆ ಕಟ್ಟಿದರು. ನಾನು ನೋಡಿದೆ. ಒಂದು ಗೇಣು ತಾನೆ ಅಂದುಕೊಂಡು ಸುಮ್ಮನಾದೆ.

ಆ ಎಂಟನೆಯ ಕುಡಿಕೆಯನ್ನು ಹಿಡಿದದ್ದು ಹಳದಿ ಹೆಣ್ಣು. ಗುಂಪಿನಲ್ಲಿ ಅದೇ ಗಟ್ಟಿಗಿತ್ತಿ. ಅದರ ಜೋಡಿ ತಿಳಿನೀಲಿ ಗಂಡು, ಸದಾ ತಲೆ ಕುಣಿಸುತ್ತಾ ಏನೋ ಹರಟುತ್ತಲೇ ಇರುವಂಥದ್ದು. ಹಸಿರು ಜೋಡಿ ಕೆಳಗಿನ ಸಾಲಿನ ತುದಿಯ ಕುಡಿಕೆಯನ್ನು ಸೇರಿತು. ಬೂದುಬಣ್ಣದ ಹೆಣ್ಣೊಂದು ತನ್ನ ಬಿಳಿ ಗಂಡಿನೊಡನೆ ನಡುವಿನ ಕುಡಿಕೆಗೆ ಹೋಯಿತು. ಉಳಿದ ಎರಡು ಜೋಡಿ ಇನ್ನೂ ಎಳೆಯವು, ಕುಡಿಕೆಗಳ ಒಳಗೆ ಇಣುಕಿ ನೋಡಿ ಹೊರಗೆ ಬರುವುದಷ್ಟೇ ಅವುಗಳ ಆಟ.

ಹಳದಿ ಹಕ್ಕಿ ದಿನ ಬಿಟ್ಟು ದಿನ ಒಂದರಂತೆ ಐದು ಮೊಟ್ಟೆ ಇಟ್ಟಿತು. ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂತಿತು. ಆಮೇಲೆ ಅದು ಹೊರಗೆ ಕಾಣಿಸುತ್ತಿದ್ದದ್ದೇ ಅಪರೂಪ. ಗಂಡು ಕಾಳು ತಿಂದು ಹೋಗಿ ಕುಡಿಕೆಯ ಬಾಯಲ್ಲಿ ಕೂತು ತಲೆಯನ್ನು ಮೇಲೆ ಕೆಳಗೆ ಆಡಿಸಿ, ತಿಂದದ್ದನ್ನು ಕಕ್ಕಿ ಹೆಣ್ಣಿನ ಕೊಕ್ಕಿಗೆ ಇಡುತ್ತಿತ್ತು. ಇದನ್ನು ಮೊದಲ ಸಲ ನೋಡಿದ ದಿನ ಅತ್ತೆ ನನ್ನನ್ನು ಒಳಗಿನಿಂದ ಕೂಗಿ ಕರೆದರು. "ಬಾರವ್ವ ಇಲ್ಲಿ, ಬೇಗ ಬಾ. ಹೆಂಡ್ರಿಗೆ ತುತ್ತು ತಿನ್ನಿಸ್ತಾ ಅವ್ನೆ ನೋಡು!" ಅವರ ಮುಖದಲ್ಲಿ ಅಂಥ ನಗುವನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

ಮರಿಯ ಸದ್ದನ್ನು ಮೊದಲು ಕೇಳಿದವರೂ ಅವರೇ. ಆ ದಿನ ನನಗೆ ರಜೆ. ಹಿತಕಿದ ಅವರೆಕಾಳಿನ ಸಾರಿಗೆಂದು ಇಬ್ಬರೂ ಹಿತ್ತಿಲಲ್ಲಿ ಕೂತು ನೆನೆದ ಕಾಳು ಹಿತುಕುತ್ತಿದ್ದೆವು. ಅತ್ತೆ ಕೈ ನಿಲ್ಲಿಸಿ, "ಸುಮ್ಕಿರು. ಮಡಕೆ ಒಳಗೆ ಏನೋ ಕಿಚಿಕಿಚಿ ಅಂತೈತೆ," ಅಂದರು. ನನಗೇನೂ ಕೇಳಲಿಲ್ಲ. ಹಳದಿ ಹಕ್ಕಿ ನೀರು ಕುಡಿಯಲು ಹೊರಗೆ ಬಂದ ಗಳಿಗೆಯಲ್ಲಿ ಸ್ಟೂಲಿನ ಮೇಲೆ ಹತ್ತಿ ಮೊಬೈಲಿನ ಟಾರ್ಚು ಬಿಟ್ಟು ನೋಡಿದೆ. ಒಳಗೊಂದು ಮರಿ, ನನ್ನ ಬೆರಳಲ್ಲಿದ್ದ ಸಿಪ್ಪೆ ತೆಗೆದ ಅವರೆಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮೈಮೇಲೆ ಒಂದು ರೋಮವಿಲ್ಲ. ಮುಚ್ಚಿದ ಕಣ್ಣುಗಳು ಚರ್ಮದಡಿಯ ಎರಡು ಕಪ್ಪು ಉಬ್ಬು. ತಲೆಯ ಭಾರ ತಡೆಯಲಾರದೆ ಮುಗ್ಗರಿಸುತ್ತಿತ್ತು. ಅವಧಿಗೆ ಮುಂಚೆ ಹುಟ್ಟಿದ ಎಷ್ಟೋ ಕೂಸುಗಳನ್ನು ಕಂಡ ನನಗೂ ಇದು ಬದುಕುತ್ತದೆಂದು ಅನ್ನಿಸಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಕೆಮ್ಮು ನಿಲ್ಲುವವರೆಗೆ ತಡೆದು ಕೇಳಿದರು.

"ಕುತ್ತಿಗೆ ಕೆಳಗೆ ಒಂದು ಚೀಲ ಇರುತ್ತೆ. ತುಂಬಿದೆಯಾ?"

"ಬಿಳಿ ಚುಕ್ಕಿ ಥರ ಏನೋ ಕಾಣುತ್ತೆ ಮೇಷ್ಟ್ರೇ."

"ಹಾಗಾದ್ರೆ ತಾಯಿ ಕೊಟ್ಟಿದೆ. ನೀವಿನ್ನು ಕೈ ಹಾಕಬೇಡಿ. ದಿನಕ್ಕೊಂದು ಸಲ ನೋಡಿ, ಅದೂ ಅದು ತಾನಾಗಿ ಹೊರಗೆ ಬಂದಾಗ. ಮಿಕ್ಕಿದ್ದು ಅದಕ್ಕೆ ಗೊತ್ತು."

ದಿನ ಬಿಟ್ಟು ದಿನ ಇಟ್ಟ ಮೊಟ್ಟೆಗಳು ದಿನ ಬಿಟ್ಟು ದಿನವೇ ಒಡೆದವು. ಐದನೆಯ ಮರಿ ಹುಟ್ಟುವ ಹೊತ್ತಿಗೆ ಮೊದಲನೆಯದಕ್ಕೆ ಕಣ್ಣು ಬಿಡುವ ಕಾಲ. ಒಂದು ಕುಡಿಕೆಯೊಳಗೆ ಐದು ಅಳತೆಯ ಐದು ಮರಿ, ದೊಡ್ಡದರ ಕಾಲಡಿಗೆ ಚಿಕ್ಕದು. ಒಮ್ಮೆ ತಾಯಿ ಉಣಿಸುವುದನ್ನು ನೋಡಿದೆ. ಚಿಕ್ಕ ಮರಿಯನ್ನು ಅಂಗಾತ ಮಲಗಿಸಿ, ತನ್ನ ಕೊಕ್ಕಿನಿಂದ ಅದರ ಕೊಕ್ಕನ್ನು ಕಚ್ಚಿ ಹಿಡಿದು, ಹಾಲಿನಂಥದ್ದೇನನ್ನೋ ಇಳಿಸುತ್ತಿತ್ತು. ಆಮೇಲೆ ದೊಡ್ಡವುಗಳಿಗೆ ಅರೆ ನುರಿದ ಕಾಳು. ಯಾವುದಕ್ಕೆ ಯಾವುದು ಎಂದು ಅದಕ್ಕೆ ಹೇಳಿಕೊಟ್ಟವರಿಲ್ಲ.

ಇಷ್ಟೆಲ್ಲ ಕಣ್ಣಾರೆ ನೋಡಿಯೂ ನಾನು ಆ ಕೆಲಸ ಮಾಡಿದೆ.

ಐದನೆಯ ಮರಿಗೆ ಮೂರು ದಿನ. ಸಂಜೆ ಡ್ಯೂಟಿ ಮುಗಿಸಿ ಬಂದು ನೋಡಿದರೆ ಅದರ ಕುತ್ತಿಗೆಯ ಚೀಲ ಚಪ್ಪಟೆಯಾಗಿತ್ತು. ಉಳಿದ ನಾಲ್ಕಕ್ಕೂ ತುಂಬಿತ್ತು. ಮೇಷ್ಟ್ರಿಗೆ ಹೇಳಿದಾಗ, "ಸ್ವಲ್ಪ ಹೊತ್ತು ಬಿಟ್ಟು ನೋಡಿ ಸಿಸ್ಟರ್. ಕತ್ತಲಾಗೋ ಮುಂಚೆ ಇನ್ನೊಂದು ಸಲ ಕೊಡುತ್ತೆ. ಸಿರಿಂಜು ಮಾತ್ರ ಮುಟ್ಟಬೇಡಿ, ಅಷ್ಟು ಚಿಕ್ಕದಕ್ಕೆ ನಮ್ಮಿಂದಾಗಲ್ಲ," ಅಂದರು. ಫೋನಿಟ್ಟೆ. ನಮ್ಮಿಂದಾಗಲ್ಲ ಎಂದ ಮಾತು ನನ್ನನ್ನು ಚುಚ್ಚಿತು. ನಿಮ್ಮಿಂದಾಗಲ್ಲ, ನನ್ನಿಂದ ಆಗುತ್ತೆ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟೆ.

ಅತ್ತೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದರು. ನಾನು ರಾಗಿ ಸರಿಯನ್ನು ತೆಳ್ಳಗೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಮಣಿಕಟ್ಟಿನ ಮೇಲೆ ಬಿಟ್ಟು ಬಿಸಿ ನೋಡಿ, ಅತಿ ಚಿಕ್ಕ ಸಿರಿಂಜಿಗೆ ತುಂಬಿಕೊಂಡೆ. ಮರಿಯನ್ನು ಹತ್ತಿಯ ಮೇಲೆ ಮಲಗಿಸಿದೆ. ಮೊದಲ ತೊಟ್ಟು ಹೋಯಿತು. ಎರಡನೆಯದೂ ಹೋಯಿತು. ಮೂರನೆಯ ತೊಟ್ಟಿಗೆ ಮರಿ ಒಮ್ಮೆ ನಡುಗಿತು, ಮೂಗಿನ ತೂತಿನಲ್ಲಿ ಒಂದು ಗುಳ್ಳೆ ಬಂತು. ಸರಿ ಉಸಿರಿನ ಕೊಳವೆಗೆ ಇಳಿದಿದೆಯೆಂದು ನನಗೆ ಆ ಕ್ಷಣವೇ ಗೊತ್ತಾಯಿತು, ಏಕೆಂದರೆ ನನ್ನ ಕೈಕೆಳಗೆ ಬರುವ ಹೊಸ ಹುಡುಗಿಯರಿಗೆ ನಾನು ಮೊದಲ ದಿನ ಎಚ್ಚರಿಸುವುದೇ ಇದನ್ನು. ತಲೆ ಕೆಳಗೆ ಮಾಡಿ ಹತ್ತಿಯಿಂದ ಒರೆಸಿದೆ, ಬೆರಳ ತುದಿಯಿಂದ ಬೆನ್ನು ಸವರಿದೆ. ಮರಿ ಬಾಯಿ ತೆರೆದು ಮುಚ್ಚಿ, ಸುಮ್ಮನಾಯಿತು.

ಕರಿಬೇವಿನ ಗಿಡದ ಬುಡದಲ್ಲಿ ಕೈಯಲ್ಲೇ ಮಣ್ಣು ಕೆದರಿ ಮುಚ್ಚಿದೆ. ಸಿರಿಂಜು ತೊಳೆದೆ. ಅತ್ತೆ ಹಾಲಿನ ಚೊಂಬು ಹಿಡಿದು ಬಂದಾಗ, "ಕೊನೇದು ಸತ್ತುಹೋಗಿದೆ ಅತ್ತೆ. ನೋಡಿದಾಗಲೇ ಹೋಗಿತ್ತು," ಅಂದೆ. ಅವರು ನನ್ನ ಮುಖ ನೋಡಿ, "ಹೋಗ್ಲಿ ಬಿಡು," ಎಂದಷ್ಟೇ ಹೇಳಿದರು. ಮೇಷ್ಟ್ರಿಗೂ ಅದೇ ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲಿ ನನ್ನ ಕೈಯಲ್ಲಿ ಕೂಸುಗಳು ಉಳಿಯದೆ ಹೋದದ್ದಿದೆ. ಪ್ರತಿ ಸಲವೂ ಏನಾಯಿತೆಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದವಳು ನಾನು. ಅಂಥವಳು ಒಂದು ಅಂಗುಲದ ಹಕ್ಕಿಮರಿಗಾಗಿ ಇಬ್ಬರು ಹಿರಿಯರ ಮುಂದೆ ಸುಳ್ಳಾಡಿದ್ದು ನನಗೇ ಅರ್ಥವಾಗಲಿಲ್ಲ. ಕೆಲವು ದಿನ ಗೂಡಿನ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದೆ. ಅತ್ತೆಯೇ ನೀರು, ಕಾಳು ಹಾಕುತ್ತಿದ್ದರು.

ಹಾಗಾಗಿ ಬೂದು ಹೆಣ್ಣಿನ ವಿಷಯ ನನ್ನ ಗಮನಕ್ಕೆ ಬಂದದ್ದು ತಡವಾಗಿ. ಅದೂ ನಾಲ್ಕು ಮೊಟ್ಟೆ ಇಟ್ಟಿತ್ತು. ಹಸಿರು ಜೋಡಿಯ ಕುಡಿಕೆಯಲ್ಲಿ ಮೂರು ಮರಿ ಎದ್ದು ವಾರ ಕಳೆದರೂ ಬೂದು ಹಕ್ಕಿಯವು ಒಡೆಯಲಿಲ್ಲ. ಮೇಷ್ಟ್ರು ಹೇಳಿದಂತೆ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕೂ ಖಾಲಿ, ಒಳಗೆ ಒಂದು ರಕ್ತದ ಎಳೆಯೂ ಇಲ್ಲ. ಆಮೇಲೆ ಬೂದು ಹಕ್ಕಿ ತಾನಾಗಿಯೇ ಕಾವು ಬಿಟ್ಟು ಹೊರಗೆ ಬಂತು. ಬಂದದ್ದು ಸುಮ್ಮನೆ ಕೂರಲಿಲ್ಲ. ಒಂದೊಂದು ಕುಡಿಕೆಯ ಬಾಯಿಗೂ ಹೋಗಿ ಇಣುಕುತ್ತಿತ್ತು. ಕೊನೆಗೆ ಮೇಲಿನ ಕುಡಿಕೆಯ ಎದುರು ಜಾಲರಿಗೆ ಕಚ್ಚಿಕೊಂಡು ನಿಲ್ಲತೊಡಗಿತು.

ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಹಿತ್ತಿಲಿನಿಂದ ಅತ್ತೆಯ ಕೂಗು. ಓಡಿದೆ. ಮೇಲಿನ ಕುಡಿಕೆ ಗಡಿಯಾರದ ಲೋಲಕದಂತೆ ತೂಗಾಡುತ್ತಿತ್ತು, ಒಳಗೆ ರೆಕ್ಕೆ ಬಡಿಯುವ ಸದ್ದು. ಬೂದು ಹಕ್ಕಿ ಒಳಗೆ ನುಗ್ಗಿತ್ತು. ನಾನು ಬಾಗಿಲು ತೆಗೆದು ಕೈ ಹಾಕುವಷ್ಟರಲ್ಲಿ ಎರಡೂ ಒಂದನ್ನೊಂದು ಕಚ್ಚಿಕೊಂಡು ಹೊರಗೆ ಬಿದ್ದವು. ಬೂದು ಹಕ್ಕಿ ಹಾರಿ ಮೂಲೆ ಸೇರಿತು. ಹಳದಿ ಹಕ್ಕಿ ಏಳಲಿಲ್ಲ. ಕಣ್ಣಿನ ಪಕ್ಕ, ಕುತ್ತಿಗೆಯ ಬುಡದಲ್ಲಿ ಗಾಯ. ನನ್ನ ಅಂಗೈಯಲ್ಲಿ ಅದರ ಎದೆ ಬಡಿದುಕೊಳ್ಳುವುದು ತಿಳಿಯುತ್ತಿತ್ತು, ಮತ್ತೆ ತಿಳಿಯದಾಯಿತು.

ಕುಡಿಕೆಯೊಳಗೆ ನಾಲ್ಕು ಮರಿಗಳು ಒಂದರ ಮೇಲೊಂದು ಕತ್ತು ಹಾಕಿ ಒತ್ತಿಕೊಂಡಿದ್ದವು. ಅವಕ್ಕೆ ಏನೂ ಆಗಿರಲಿಲ್ಲ. ನಾನು ಹೊರಡುವ ಬಸ್ಸಿಗೆ ಅರ್ಧ ಗಂಟೆ ಇತ್ತು. ಮೇಷ್ಟ್ರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ಮೊದಲು ಆ ಬೂದುದನ್ನ ಬೇರೆ ಪಂಜರಕ್ಕೆ ಹಾಕಿ," ಅಂದರು. "ಹಾಕಿದ್ರಾ? ಈಗ ಹೇಳಿ, ಮರಿಗಳಿಗೆ ರೆಕ್ಕೆ ಎಷ್ಟು ಬಂದಿದೆ?"

"ದೊಡ್ಡ ಎರಡಕ್ಕೆ ಬಂದಿದೆ. ಚಿಕ್ಕ ಎರಡಕ್ಕೆ ಬರೀ ಮುಳ್ಳು ಮುಳ್ಳು. ನಾನು ಇವನ್ನ ಆಸ್ಪತ್ರೆಗೆ ಜೊತೆಗೇ ತಗೊಂಡು ಹೋಗಲಾ? ಬಿಸಿ ಡಬ್ಬಿಯಲ್ಲಿ ಇಟ್ಟು…"

"ಬೇಡಮ್ಮ. ಅಪ್ಪ ಇದ್ದಾನೆ. ಗುಂಪಿದೆ. ನೀವು ತಗೊಂಡು ಹೋದ್ರೆ ಎರಡೂ ತಪ್ಪಿಹೋಗುತ್ತೆ." ಒಂದು ಸಲ ಉಸಿರೆಳೆದುಕೊಂಡರು. "ದೊಡ್ಡ ಎರಡು ಅಲ್ಲೇ ಇರಲಿ, ಅಪ್ಪ ನೋಡ್ಕೋತಾನೆ. ಚಿಕ್ಕವಕ್ಕೆ ಚಳಿ ತಡೆಯಲ್ಲ, ಮೈ ಬಿಸಿ ಬೇಕು. ಹಸಿರು ಹೆಣ್ಣು ಕಾಳಿಗೆ ಹೊರಗೆ ಬಂದಾಗ ಅದರ ಮರಿಗಳ ಮಧ್ಯ ಇವೆರಡನ್ನ ಇಟ್ಟುಬಿಡಿ."

"ಅದು ಕಚ್ಚಿ ಹಾಕಿದ್ರೆ?"

"ಹಕ್ಕಿಗೆ ಎಣಿಸೋಕೆ ಬರಲ್ಲ ಸಿಸ್ಟರ್. ಬಾಯಿ ಬಿಟ್ಟ ಮರಿಗೆ ಉಣಿಸೋಕೆ ಬರುತ್ತೆ."

ಚಿಕ್ಕ ಮರಿಗಳ ಕಾಲಿಗೆ ಗುರುತಿಗೆಂದು ಅರಿಸಿನ ಹಚ್ಚಿ, ಹಸಿರು ಹಕ್ಕಿಯ ಕುಡಿಕೆಯಲ್ಲಿ ಇಟ್ಟೆ. ಹಸಿರು ಹೆಣ್ಣು ಒಳಗೆ ಹೋದ ಮೇಲೆ ಕಿವಿಗೊಟ್ಟು ಕೇಳಿದೆ, ಚೀರಾಟವಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರ್ನ್. ಮನೆ ಮುಂದೆ ಬಂದಾಗ ನನ್ನವರು ಎರಡು ಸಲ ಹಾರ್ನ್ ಮಾಡುತ್ತಾರೆ. ಅತ್ತೆ, "ನೀ ಹೋಗವ್ವ. ನಾ ನೋಡ್ಕತೀನಿ. ಏನಾದ್ರೂ ಆದ್ರೆ ಫೋನ್ ಮಾಡ್ತೀನಿ," ಅಂದರು.

ಆ ದಿನ ವಾರ್ಡಿನಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ. ಹಗರೆ ಕಡೆಯಿಂದ ಬಂದ ಒಬ್ಬ ಬಾಣಂತಿಗೆ ಜ್ವರ, ಮಗು ನಮ್ಮಲ್ಲಿ ಒಂಟಿಯಾಗಿ ಅಳುತ್ತಿತ್ತು. ಬಾಗಿಲ ಹೊರಗೆ ಅದರ ಅಜ್ಜಿ ಬೆಳಗ್ಗೆಯಿಂದ ನಿಂತಿದ್ದಳು. ಬೇರೆ ದಿನವಾದರೆ ನಾನು, ಸಮಯಕ್ಕೆ ಬನ್ನಿ ಎಂದು ಕಳಿಸುವವಳು. ಈ ಸಲ ಡಾಕ್ಟರಮ್ಮನನ್ನು ಕೇಳಿ, ಕೈ ತೊಳೆಸಿ, ಒಳಗೆ ಕರೆದು, ಮಗುವನ್ನು ಅವಳ ಎದೆಗೊರಗಿಸಿ ಸೀರೆ ಹೊದಿಸಿದೆ. ಅದಕ್ಕೂ ಮನೆಯ ಹಕ್ಕಿಗಳಿಗೂ ಸಂಬಂಧ ಉಂಟೋ ಇಲ್ಲವೋ, ಸುಮ್ಮನೆ ಹಾಗೆ ಮಾಡಿದೆ. ಮಗು ಅಳು ನಿಲ್ಲಿಸಿತು.

ಹನ್ನೊಂದು ಗಂಟೆಗೆ ಅತ್ತೆಯ ಫೋನು ಬಂತು.

"ನೀಲಿದು ಮಡಕೆ ಬಾಯಿಗೆ ಬಂದು ಕೂಗ್ತಾ ಐತೆ ಕಣವ್ವ. ಹೆಂಡ್ರು ಬರ್ಲಿ ಅಂತ ಕಾಯ್ತಾ ಐತೋ ಏನೋ. ಒಳಕ್ಕೆ ಹೋಗ್ತಿಲ್ಲ."

ಅದು ಇಷ್ಟು ದಿನ ಬಾಯಿಯ ಬಳಿ ಹೆಣ್ಣಿಗೆ ಕೊಟ್ಟು ಹೋಗುತ್ತಿದ್ದ ಗಂಡು, ಒಳಗೆ ಇಳಿದದ್ದು ಕಡಿಮೆ. ಹನ್ನೆರಡಕ್ಕೆ ಮತ್ತೆ ಫೋನು. "ಕಾಳು ತಿಂದು ಬಂತು. ತಲೆ ಕುಣಿಸ್ತೈತೆ. ಯಾರಿಗೂ ಕೊಡ್ದೆ ಹಂಗೇ ಹೋಯ್ತು." ಮಾತ್ರೆ ಹಂಚುತ್ತಾ, ಚಾರ್ಟು ಬರೆಯುತ್ತಾ ನಾನು ಮೊಬೈಲನ್ನು ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದೂವರೆಗೆ ಮೂರನೆಯ ಸಲ. ಈ ಸಲ ಅತ್ತೆ ಪಿಸುಗುಟ್ಟುತ್ತಿದ್ದರು, ಜೋರಾಗಿ ಮಾತಾಡಿದರೆ ಹಕ್ಕಿ ಹೆದರೀತೆಂದು.

"ಹೋಯ್ತು ಕಣವ್ವ. ಒಳಕ್ಕೆ ಹೋಯ್ತು. ಮರಿ ಸದ್ದು ಮಾಡ್ತಾ ಅವೆ. ಕೊಡ್ತಾ ಐತೆ, ಕೇಳಿಸ್ತದಾ ನಿಂಗೆ?"

ಫೋನನ್ನು ಗೂಡಿನ ಕಡೆ ಹಿಡಿದರೆಂದು ಕಾಣುತ್ತದೆ. ದೂರದಲ್ಲಿ ಒಂದು ಒರಟು ಚಿರಿಚಿರಿ. ನಾನು ಔಷಧಿಯ ಬೀರುವಿನ ಮರೆಗೆ ಹೋಗಿ ಕಣ್ಣೊರೆಸಿಕೊಂಡೆ.

ಸಂಜೆ ಮನೆಗೆ ಬಂದಾಗ ಅತ್ತೆ ಮಣೆಯ ಮೇಲೆಯೇ ಇದ್ದರು. ಊಟ ಮಾಡಿದ್ದರೋ ಇಲ್ಲವೋ. ಆರು ಮರಿಗಳ ಚೀಲ ತುಂಬಿತ್ತು. ಏಳನೆಯದು, ಅರಿಸಿನ ಹಚ್ಚಿದವುಗಳಲ್ಲಿ ಚಿಕ್ಕದು, ಅರೆ ತುಂಬಿತ್ತು. ನಾನು ಸಿರಿಂಜಿನ ಡಬ್ಬಿಯ ಕಡೆ ನೋಡಲಿಲ್ಲ. ಮರುದಿನ ಅದರದೂ ತುಂಬಿತ್ತು. ನನ್ನವರು ಆ ಸಂಜೆಯೇ ಕೊಂಡಿ ಕಿತ್ತು ಇನ್ನೊಂದು ಅಡ್ಡಗೋಲು ಹಾಕಿ, ಮೇಲಿನ ಕುಡಿಕೆಯನ್ನು ಮೆಲ್ಲಗೆ ಇಳಿಸಿ ಉಳಿದವುಗಳ ಸಾಲಿಗೆ ಕಟ್ಟಿದರು. ನೀಲಿ ಹಕ್ಕಿ ಸ್ವಲ್ಪ ಹೊತ್ತು ಹಳೇ ಜಾಗದಲ್ಲಿ ತಡಕಾಡಿ, ಮರಿಗಳ ದನಿ ಹಿಡಿದು ಕೆಳಗೆ ಬಂತು.

ಉಳಿದದ್ದು ಬೂದು ಹಕ್ಕಿ. ಕೈಪಂಜರದಲ್ಲಿ ಒಂಟಿಯಾಗಿ ಕೂತ ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

"ಇದನ್ನ ಯಾರಿಗಾದ್ರೂ ಕೊಟ್ಟುಬಿಡೋಣ ಅತ್ತೆ. ಕಣ್ಣೆದುರಿಗೇ ಬೇಡ."

ಅತ್ತೆ ನವಣೆ ಕೇರುತ್ತಿದ್ದ ಮೊರವನ್ನು ತೊಡೆಯ ಮೇಲಿಟ್ಟುಕೊಂಡರು.

"ಅದರದ್ದೇನು ತಪ್ಪವ್ವ? ಕಾವು ಕೂತ್ಕಂಡ್ತು. ಮೊಟ್ಟೆ ಒಡೀಲಿಲ್ಲ. ಪಕ್ಕದಾಗೆಲ್ಲ ಮರಿ ಕೂಗ್ತಾ ಇದ್ರೆ ಅದರ ಹೊಟ್ಟೆಗೆ ಹೆಂಗಾಗಿರಬ್ಯಾಡ." ಮೊರವನ್ನೇ ನೋಡುತ್ತಾ ಹೇಳಿದರು: "ನಾನೂ ಒಂದು ಕಾಲದಾಗೆ ನಿಂಗೆ ಏನೇನೋ ಅಂದಿದ್ದೀನಿ. ಅಷ್ಟು ತಿಳೀತಿರ್ನಿಲ್ಲ."

ಮದುವೆಯಾಗಿ ಏಳನೆಯ ವರ್ಷದಲ್ಲಿ ಅವರು ಅಂದ ಮಾತುಗಳು ನನಗೆ ಒಂದೂ ಮರೆತಿಲ್ಲ. ಎರಡು ಸಲ ಗರ್ಭ ನಿಂತೂ ಉಳಿಯದೆ ಹೋದ ಮೇಲೆ, ನೆಂಟರೆದುರು, ಊರ ಮಗುವಿಗೆಲ್ಲ ಹಾಲು ಹಾಕೋ ಕೈ ಮನೆಗೇನು ಬಂತು ಅಂದಿದ್ದರು. ನಾನು ಎಂದಾದರೂ ಅದಕ್ಕೆ ಉತ್ತರ ಕೊಡಬೇಕೆಂದು ಒಳಗೇ ಇಟ್ಟುಕೊಂಡಿದ್ದ ಮಾತುಗಳು ಎಷ್ಟೋ ಇದ್ದವು. ಆ ಹೊತ್ತಿಗೆ ಅವು ಯಾವುವೂ ಬಾಯಿಗೆ ಬರಲಿಲ್ಲ. ಬೇರೆಯದೇ ಬಂತು.

"ಆ ಐದನೇ ಮರಿ ತಾನಾಗಿ ಸಾಯಲಿಲ್ಲ ಅತ್ತೆ. ನಾನು ಸಿರಿಂಜಲ್ಲಿ ಸರಿ ಹಾಕೋಕೆ ಹೋಗಿ ಕೊಂದೆ."

"ಗೊತ್ತು ಕಣವ್ವ," ಅಂದರು. "ಒಲೆ ಮೇಲೆ ಸರಿ ಕಾಸಿದ ಬಟ್ಟಲು ಹಂಗೇ ಇತ್ತು."

ಇಬ್ಬರೂ ಕೂತು ನವಣೆ ಹಸನು ಮಾಡಿ ಮುಗಿಸಿದೆವು. ಬೂದು ಹಕ್ಕಿಯನ್ನು ಯಾರಿಗೂ ಕೊಡಲಿಲ್ಲ. ಮೇಷ್ಟ್ರ ಮಾತಿನಂತೆ ಎರಡು ವಾರ ಬೇರೆ ಇಟ್ಟು, ಮರಿಗಳು ಹೊರಗೆ ಬಂದ ಮೇಲೆ ಗುಂಪಿಗೆ ಬಿಟ್ಟೆವು.

ಮರಿಗಳು ಹೊರಗೆ ಬಂದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ಹಳದಿ ಹಕ್ಕಿಯ ಹಿರಿ ಮರಿ ಎರಡು ದಿನ ಕುಡಿಕೆಯ ಬಾಯಲ್ಲಿ ತಲೆ ಹೊರಗಿಟ್ಟು ಕೂತು, ಮೂರನೆಯ ದಿನ ಕೆಳಗೆ ಬಿದ್ದ ಹಾಗೆ ಹಾರಿತು. ಹಣೆಯಿಂದ ಕೊಕ್ಕಿನವರೆಗೂ ಸಣ್ಣ ಸಣ್ಣ ಕಪ್ಪು ಗೆರೆ, ಇಡೀ ಕಪ್ಪಾದ ದುಂಡು ಕಣ್ಣು. ಹಾರಲು ಬಂದರೂ ತಿನ್ನಲು ಬಾರದು. ನೀಲಿ ಗಂಡು ಅದರ ಬೆನ್ನು ಹತ್ತಿ ಉಣಿಸುತ್ತಿತ್ತು. ಜಾವಗಲ್ಲಿನಲ್ಲಿರುವ ನನ್ನ ತವರಿನ ಹೊಲದಿಂದ ತಂದ ನವಣೆ ತೆನೆಗಳನ್ನು ಜಾಲರಿಗೆ ಕಟ್ಟಿದೆವು. ದೊಡ್ಡ ಹಕ್ಕಿಗಳು ತೆನೆಗೆ ಮುಗಿಬಿದ್ದಾಗ ಮರಿಗಳೂ ಮಧ್ಯೆ ತೂರಿಕೊಂಡು, ಸುಮ್ಮನೆ ಕಚ್ಚುವುದು, ಉದುರಿಸುವುದು. ಹಾಗೆ ಕಚ್ಚುತ್ತಾ ಉದುರಿಸುತ್ತಾ ಒಂದು ದಿನ ಕಾಳಿನ ಸಿಪ್ಪೆ ಬೇರೆ ಮಾಡುವುದು ಅವಕ್ಕೆ ಬಂದಿತ್ತು. ಗುಂಪಿಗೆ ಮರಳಿದ ಬೂದು ಹೆಣ್ಣಿನ ಪಕ್ಕದಲ್ಲಿಯೇ ಒಂದು ಮರಿ ಕೂತು ಬಾಯಿ ಬಿಡುತ್ತಿತ್ತು. ಬೂದು ಹಕ್ಕಿ ಮೊದಲು ಸರಿದು ಕೂತಿತು. ಮರಿ ಮತ್ತೆ ಒತ್ತಿಕೊಂಡು ಬಂತು. ಅದು ಉಣಿಸಿದ್ದನ್ನು ನಾನು ನೋಡಿಲ್ಲ. ಅತ್ತೆ ತಾನು ನೋಡಿದೆ ಎನ್ನುತ್ತಾರೆ.

ಶಿವರಾತ್ರಿಗೆ ಮುಂಚೆ ಒಂದು ಭಾನುವಾರ ಮೇಷ್ಟ್ರು ನನ್ನವರ ಬಸ್ಸಿನಲ್ಲೇ ಬಂದರು. ಮುಖಕ್ಕೆ ಎರಡು ಮಾಸ್ಕ್. ಮೊದಲಿಗಿಂತ ಇಳಿದುಹೋಗಿದ್ದರೂ ಕೆಮ್ಮು ಕಡಿಮೆಯಾಗಿತ್ತು. ಅವರನ್ನು ಮನೆಯ ಹಿಂದಕ್ಕೆ ಬಿಡುವ ಧೈರ್ಯ ನನಗಿರಲಿಲ್ಲ. ಅವರೇ ತೆಂಗಿನ ಸಾಲಿನ ಆಚೆ, ಗಾಳಿ ತಮ್ಮ ಕಡೆಯಿಂದ ಗೂಡಿನ ಕಡೆಗೆ ಬೀಸುವ ಜಾಗ ನೋಡಿಕೊಂಡು ನಿಂತರು. ಮೂವತ್ತು ಹೆಜ್ಜೆಯಾದರೂ ದೂರ. ಅಲ್ಲಿಂದ ಬಣ್ಣಗಳು ಕಾಣುತ್ತವೆ, ಮುಖ ಕಾಣುವುದಿಲ್ಲ.

"ಹದಿನಾರಲ್ವಾ?"

"ಹೌದು ಮೇಷ್ಟ್ರೇ. ಒಂಬತ್ತು ದೊಡ್ಡವು, ಏಳು ಮರಿ."

"ಹಸಿರು ಹಕ್ಕಿ ಹತ್ರ ಬಿಟ್ಟ ಎರಡು ಯಾವುವು?"

ನಾನು ಬಹಳ ಹೊತ್ತು ನೋಡಿದೆ. ಅರಿಸಿನ ಎಂದೋ ಹೋಗಿತ್ತು. ಏಳರಲ್ಲಿ ಮೂರು ಹಸಿರು, ಎರಡು ನೀಲಿ, ಎರಡು ಹಳದಿ ಕಲೆತ ಹಸಿರು, ಯಾವುದು ಎಲ್ಲಿಯದೆಂದು ಹೇಳಲಾಗಲಿಲ್ಲ. ಗೊತ್ತಾಗುತ್ತಿಲ್ಲ ಎಂದೆ. ಆಮೇಲೆ, ಹೇಳಬೇಕೆಂದು ಎಷ್ಟೋ ದಿನದಿಂದ ಅಂದುಕೊಂಡಿದ್ದನ್ನು ಹೇಳಿದೆ, ಐದನೆಯ ಮರಿಯ ಸತ್ಯವನ್ನು. ಅವರು ಗೂಡಿನಿಂದ ಕಣ್ಣು ತೆಗೆಯಲಿಲ್ಲ.

"ನಾನು ಮೊದಲನೇ ವರ್ಷ ಮೂರು ಕೊಂದೆ," ಅಂದರು. "ಮೂರಕ್ಕೂ ನನ್ನ ಹೆಂಡತಿಗೆ ಬೇರೆ ಬೇರೆ ಕಾರಣ ಹೇಳಿದ್ದೆ. ಅವಳು ನಂಬಿದ್ಲೋ ಇಲ್ವೋ ಕೇಳೋಕೆ ಆಗಲೇ ಇಲ್ಲ."

ಅತ್ತೆ ಕಾಫಿ ತಂದರು. ಮೇಷ್ಟ್ರು ಇನ್ನಷ್ಟು ಹಿಂದಕ್ಕೆ ಹೋಗಿ, ಮಾಸ್ಕ್ ಇಳಿಸಿ, ಬೇಗ ಬೇಗ ಕುಡಿದು ಮತ್ತೆ ಹಾಕಿಕೊಂಡರು. ಎಷ್ಟು ಬೇಕಾದರೂ ನಿಲ್ಲುವವರಂತೆ ಕಂಡರು, ಆದರೆ ಬಸ್ಸು ಬೇಲೂರಿನಿಂದ ಹಿಂತಿರುಗುವ ಹೊತ್ತಾಗಿತ್ತು. ಹೊರಡುವ ಮುಂಚೆ ಗೋಡೆಗೆ ಅಂಟಿಸಿದ ಚೀಟಿಗೆ ಸೇರಿಸಿಕೊಳ್ಳಿ ಎಂದು ಒಂದು ಮಾತು ಹೇಳಿದರು.

"ಕುಡಿಕೆ ಎಲ್ಲಾ ಬಿಚ್ಚಿಡಿ. ಮಳೆಗಾಲ ಬರೋವರೆಗೂ ಬೇಡ. ಹೆಣ್ಣುಗಳಿಗೆ ಸುಧಾರಿಸಿಕೊಳ್ಳೋಕೆ ಪುರಸೊತ್ತು ಬೇಕು, ಬೂದುದಕ್ಕೂ."

ಮಾರನೆಯ ದಿನ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಅತ್ತೆ, ನಾನು ಸೇರಿ ಎಂಟೂ ಕುಡಿಕೆ ಬಿಚ್ಚಿ, ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಹಿತ್ತಿಲ ಕಲ್ಲಿನ ಮೇಲೆ ಬೋರಲು ಹಾಕಿದೆವು. ಹಕ್ಕಿಗಳು ಜಾಲರಿಗೆ ಬಂದು ಒಂದೊಂದು ಕಣ್ಣಿನಿಂದ ನಮ್ಮನ್ನು ನೋಡಿದವು. ಕುಡಿಕೆಗಳಿಲ್ಲದ ಅಡ್ಡಗೋಲಿನ ಮೇಲೆ ಮೊದಲು ಎರಡು ಮರಿ ಬಂದು ಕೂತವು, ಆಮೇಲೆ ನೀಲಿ ಗಂಡು, ಆಮೇಲೆ ಒಂದೊಂದಾಗಿ ಉಳಿದವು. ಒಂದು ಸರಿದರೆ ಸಾಲೆಲ್ಲ ಸರಿದು ಜಾಗ ಮಾಡುತ್ತಿತ್ತು.

"ಬಿಸಿಲು ಚೆನ್ನಾಗೈತೆ," ಅತ್ತೆ ಕೈ ಒರೆಸಿಕೊಳ್ಳುತ್ತಾ ಅಂದರು. "ಸಂಜೆಗೆ ಒಣಗ್ತವೆ. ನೀ ಊಟ ಮಾಡಿ ಹೊರಡವ್ವ, ಬಸ್ಸಿಗೆ ಹೊತ್ತಾಯ್ತು."